ಗೋಕಾಕ ಚಲೋನೋ, ನೇಪಾಳ ಚಲೋನೋ?

ನಾವು ನೇಪಾಳಕ್ಕೆ ಹೊರಟಿದ್ದೇವೆ ಅಂತ ಗೊತ್ತಾದ ರಾತ್ರಿ, ಗೋಕಾಕದ ನಮ್ಮ ಓಣಿ ಕಾಯುವ ಗೂರ್ಖಾ ಕಾಕಾ ಸೀಟಿ ಊದುವುದು ಬಿಟ್ಟು ಕಟ್ಟೆ ಮೇಲೆ ಬಂದು ಕುಂತರು.

"ನೀವು ಪೇಪರಿನ ಓದು ಓದಿದವರು. ನಮ್ಮೂರಿನ ಕಡೆ ನೋಡಿ ಬಂದು ಒಂದು ಮಾತು ಹೇಳ್ರಿ. ನನ್ನ ಮಗ ಹನ್ನೆರಡನೇ ಮುಗಿಸ್ಯಾನ. ಅವ ಅಲ್ಲೇ ಇರೂದು ಚಲೋನೋ, ಇಲ್ಲಿ ಬರೂದು ಚಲೋನೋ?"

ಕಾಕಾ ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದಾರೆ. ತಿಂಗಳಿಗೊಮ್ಮೆ ಮನೆಮನೆಗೆ ಬಂದು ಕೊಟ್ಟಷ್ಟು ಇಸಿದುಕೊಂಡು ಹೋಗುತ್ತಾರೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಊರೊಳಗೆ ನುಗ್ಗಿದಾಗ ಬಾಗಿಲು ಬಡಿದು ನಮ್ಮನ್ನೆಲ್ಲ ಎಬ್ಬಿಸಿದವರು ಇವರೇ. ಓಣಿಯವರೆಲ್ಲ ಅವರನ್ನು 'ಬಹಾದ್ದೂರ' ಅಂತಲೇ ಕರೆಯುತ್ತೇವೆ. ಅದು ಅವರ ಹೆಸರೇ ಅಲ್ಲ ಅಂತ ನಮಗೆ ಗೊತ್ತಾಗಿದ್ದು ಆ ರಾತ್ರಿ.

ನಾವು ಮೂವರು ಹೋಗಿದ್ದೆವು. ಗೋಕಾಕದವನೊಬ್ಬ, ಮೂಡಲಗಿಯವನೊಬ್ಬ, ಹುಕ್ಕೇರಿಯವಳೊಬ್ಬಳು. ಕಾಕಾ ಕೇಳಿದ್ದು ಒಂದೇ ಪ್ರಶ್ನೆ. ಹೋಗಿ ನೋಡಿದ ಮೇಲೆ ಅದು ಮೂರು ಪ್ರಶ್ನೆ ಅಂತ ತಿಳಿಯಿತು: ತಿರುಗಾಡಲು ಯಾವುದು, ಬಾಳಲು ಯಾವುದು, ವ್ಯಾಪಾರಕ್ಕೆ ಯಾವುದು?

ಮೊದಲು ತಿರುಗಾಟ. ಘಟಪ್ರಭಾ ಸ್ಟೇಷನ್ನಿನಿಂದ ಮಿರಜ, ಪುಣೆ, ಪುಣೆಯಿಂದ ಗೋರಖಪುರ, ಅಲ್ಲಿಂದ ಬಸ್ಸಿನಲ್ಲಿ ಸೋನೌಲಿ ಗಡಿ. ಗಡಿ ಅಂದರೆ ಒಂದು ಕಮಾನು, ಅದರಡಿ ಎತ್ತಿನ ಸಂತೆಯಂಥ ಗದ್ದಲ. ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ಚುನಾವಣಾ ಗುರುತಿನ ಚೀಟಿ ಸಾಕು. ಆಧಾರ್ ಒಂದನ್ನೇ ನಂಬಿ ಹೋಗಬೇಡಿ. 15 ವರ್ಷದೊಳಗಿನವರಿಗೆ, 65 ದಾಟಿದವರಿಗೆ ಮಾತ್ರ ಅದು ನಡೆಯುತ್ತದೆ.

ನಮ್ಮ ಒಂದು ರೂಪಾಯಿಗೆ ಅಲ್ಲಿ ಒಂದು ರೂಪಾಯಿ ಅರವತ್ತು ಪೈಸೆ. 1993ರಿಂದ ಈ ದರ ಬದಲಾಗಿಲ್ಲ. 100ರ ನೋಟು ಇಟ್ಟುಕೊಳ್ಳುವುದು ಒಳ್ಳೆಯದು. 2024ರಿಂದ ಅಲ್ಲಿನ ಅನೇಕ ಅಂಗಡಿಗಳಲ್ಲಿ ನಮ್ಮ ಯುಪಿಐ ಕೂಡ ನಡೆಯುತ್ತದೆ. ಗಡಿಯಾರ ಮಾತ್ರ ಹದಿನೈದು ನಿಮಿಷ ಮುಂದೆ ತಿರುಗಿಸಬೇಕು. ಅಲ್ಲಿನ ಕ್ಯಾಲೆಂಡರ್ ವಿಕ್ರಮ ಸಂವತ್ಸರದ್ದು, ನಮ್ಮದಕ್ಕಿಂತ ಸುಮಾರು 57 ವರ್ಷ ಮುಂದೆ.

ಪಶುಪತಿನಾಥನ ಸಾಲಿನಲ್ಲಿ ನಿಂತಾಗ ಪರದೇಶಕ್ಕೆ ಬಂದೆವು ಅನ್ನಿಸಲಿಲ್ಲ. ಗರ್ಭಗುಡಿಯ ಪೂಜೆ ದಕ್ಷಿಣ ಭಾರತದ ಭಟ್ಟರದ್ದು, ಅವರಲ್ಲಿ ಕರ್ನಾಟಕದವರಿದ್ದಾರೆ. ಭಕ್ತಪುರದಲ್ಲಿ ಜಂಗಮ ಮಠವಿದೆ. ಇನ್ನೂ ಹಿಂದೆ ಹೋದರೆ, 1097ರ ಹೊತ್ತಿಗೆ ನಾನ್ಯದೇವ ಕಟ್ಟಿದ ರಾಜ್ಯವನ್ನು ಚರಿತ್ರೆಯವರು ಕರ್ಣಾಟ ವಂಶ ಅಂತಲೇ ಕರೆಯುತ್ತಾರೆ. ಅದರ ರಾಜಧಾನಿ ಸಿಮ್ರೌನಗಢ ಇಂದು ನೇಪಾಳದೊಳಗಿದೆ.

ಹೀಗೆ ತಿರುಗಾಟಕ್ಕೆ ನೇಪಾಳವೇ ಚಲೋ ಅಂತ ಮೊದಲ ಮೂರು ದಿನದಲ್ಲೇ ತೀರ್ಮಾನ ಮಾಡಿಬಿಟ್ಟೆವು. ನಾಲ್ಕನೇ ದಿನ ಕಾಕಾನ ಊರು ನೆನಪಾಯಿತು. ಅವರದು ದೂರದ ಪಶ್ಚಿಮದ ಅಛಾಮ ಜಿಲ್ಲೆ, ಗುಡ್ಡಗಾಡು. ಇಲ್ಲಿಂದ ಅವರು ದೆಹಲಿಗೆ ಹೋಗಿ, ಬನ್‌ಬಸಾ ಗಡಿ ದಾಟಿ, ಮತ್ತೆ ಬೆಟ್ಟದ ದಾರಿಯಲ್ಲಿ ಬಸ್ಸು ಹಿಡಿಯಬೇಕು. ನಾವು ಅತ್ತ ಹೋಗಲೇ ಇಲ್ಲ. ಬೆಂಗಳೂರು, ಮೈಸೂರು ನೋಡಿ ಹೋದವರು ಕರ್ನಾಟಕ ನೋಡಿದೆವು ಅಂದರೆ ನಾವು ಗೋಕಾಕದವರು ನಗುತ್ತೇವಲ್ಲ, ನಾವು ಮಾಡಿದ್ದೂ ಅದನ್ನೇ.

ಎರಡನೆಯದು, ಬಾಳುವೆ. ನಮ್ಮ ಹುಕ್ಕೇರಿ ಗೆಳತಿ ಎಲ್ಲಿ ಹೋದರೂ ಮೊದಲು ಕೇಳುವುದು ಕರೆಂಟು. ಅವಳ ಮನೆಯ ಬಿಲ್ಲು ಹೆಸ್ಕಾಂಗೆ ಅಲ್ಲ, 1969ರಲ್ಲಿ ಶುರುವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಕ್ಕೆ ಹೋಗುತ್ತದೆ. ಗೋಕಾಕದವನು ಬಿಡುತ್ತಾನೆಯೇ? 1887ರಲ್ಲೇ ನಮ್ಮ ಫಾಲ್ಸಿನ ನೀರಿನಿಂದ ವಿದ್ಯುತ್ ತೆಗೆದರು ಅಂತ ಕಠ್ಮಂಡುವಿನ ಚಹಾದಂಗಡಿಯಲ್ಲೂ ಹೇಳಿದ. ಅಂಗಡಿಯವರು, ನಮ್ಮ ಫರ್ಪಿಂಗ್ ವಿದ್ಯುತ್ ಕೇಂದ್ರ 1911ರದ್ದು ಅಂದರು. ಹಿಂದೊಮ್ಮೆ ಚಳಿಗಾಲದಲ್ಲಿ ಅಲ್ಲಿ ದಿನಕ್ಕೆ ಹದಿನಾರು ತಾಸಿನವರೆಗೂ ಕರೆಂಟು ಇರುತ್ತಿರಲಿಲ್ಲ. ಈಗ ಮಳೆಗಾಲದಲ್ಲಿ ನೇಪಾಳವೇ ಭಾರತಕ್ಕೆ ವಿದ್ಯುತ್ ಮಾರುತ್ತದೆ. ನದಿ ಬತ್ತಿದಾಗ ನಮ್ಮಿಂದ ಕೊಳ್ಳುತ್ತದೆ.

ಕರೆಂಟು ಬಂದಷ್ಟು ಬೇಗ ಕೆಲಸ ಬರಲಿಲ್ಲ. ಆ ದೇಶದ ಒಟ್ಟು ಉತ್ಪನ್ನದ ಸುಮಾರು ಕಾಲುಭಾಗದಷ್ಟು ಹಣ ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸಿದ್ದು. 2015ರ ಏಪ್ರಿಲ್ ಭೂಕಂಪದಲ್ಲಿ ಸುಮಾರು 9,000 ಜನ ಸತ್ತರು. 2025ರ ಸೆಪ್ಟೆಂಬರಿನಲ್ಲಿ ಭ್ರಷ್ಟಾಚಾರದ ವಿರುದ್ಧ ಹುಡುಗ ಹುಡುಗಿಯರು ಬೀದಿಗಿಳಿದರು, 70ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು, ಸರ್ಕಾರ ಬಿತ್ತು. ಹಾಗಂತ ನಾವು ಎದೆ ಉಬ್ಬಿಸುವಂತಿಲ್ಲ. ನಮ್ಮ ಮೂಡಲಗಿ ಗೆಳೆಯನ ಇಬ್ಬರು ಅಣ್ಣಂದಿರು ಪುಣೆಯಲ್ಲಿದ್ದಾರೆ. ಅವರ ಹೊಲ ಈಗ ಅಪ್ಪನೊಬ್ಬನ ಕೈಯಲ್ಲಿದೆ.

ಆದರೂ ಒಂದು ವ್ಯತ್ಯಾಸವಿದೆ, ಅದು ಕಾಗದದ್ದು. 1950ರ ಭಾರತ-ನೇಪಾಳ ಒಪ್ಪಂದದಂತೆ ಕಾಕಾ ಇಲ್ಲಿ ಇರಬಹುದು, ದುಡಿಯಬಹುದು. ಆದರೆ ಅವರು ಇಲ್ಲಿನ ನಾಗರಿಕರಲ್ಲ, ವೋಟಿಲ್ಲ. ಅವರ ಹತ್ತಿರ ರೇಷನ್ ಕಾರ್ಡೂ ಇಲ್ಲ. ಮಹಾಪೂರದಲ್ಲಿ ಅವರ ಬಾಡಿಗೆ ಕೋಣೆಗೂ ನೀರು ಹೊಕ್ಕಿತ್ತು, ಹಾಸಿಗೆ, ಪಾತ್ರೆ ಹೋದವು. ಪರಿಹಾರದ ಪಟ್ಟಿಯಲ್ಲಿ ನಮ್ಮ ಹೆಸರುಗಳಿದ್ದವು, ನಮ್ಮನ್ನು ಎಬ್ಬಿಸಿದವರದು ಇರಲಿಲ್ಲ. ಆಗ ನಾವೂ ಕೇಳಲಿಲ್ಲ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಮೂರನೆಯದು ವ್ಯಾಪಾರ. ಕಠ್ಮಂಡುವಿನ ಒಂದು ಮಿಠಾಯಿ ಅಂಗಡಿಯಲ್ಲಿ ಗುಂದ್‌ಪಾಕ್ ಕೊಟ್ಟರು. ಖೋವಾ, ತುಪ್ಪ, ಗೋಡಂಬಿ, ಬಾದಾಮಿ, ಜೊತೆಗೆ ಅಂಟು. ಒಂದು ತುಂಡು ಬಾಯಿಗಿಟ್ಟ ಗೋಕಾಕದವನು "ಇದು ನಮ್ಮ ಕರದಂಟಿನ ತಮ್ಮ ಐತಿ" ಅಂದ. ನಮ್ಮದರಲ್ಲಿ ಖೋವಾ ಬದಲು ಬೆಲ್ಲ, ಒಣಕೊಬ್ಬರಿ. ಸಂಕ್ರಾಂತಿಗೆ ಅವರೂ ಎಳ್ಳುಂಡೆ ತಿನ್ನುತ್ತಾರೆ, ಬೆಲ್ಲದಿಂದ ಮಾಡಿದ 'ಚಾಕು' ತಿನ್ನುತ್ತಾರೆ. ಮೂಡಲಗಿಯವನ ಕಣ್ಣು ಅರಳಿತು: ನಮ್ಮ ಬೆಲ್ಲ, ನಮ್ಮ ಕರದಂಟು ಇಲ್ಲಿ ತಂದು ಮಾರಿದರೆ?

ವಿಚಾರಿಸಿದೆವು. ನೇಪಾಳದಲ್ಲಿ ಹೊರದೇಶದವರು ಬಂಡವಾಳ ಹೂಡಬೇಕಾದರೆ ಸಾಮಾನ್ಯವಾಗಿ ಕನಿಷ್ಠ 2 ಕೋಟಿ ನೇಪಾಳಿ ರೂಪಾಯಿ ಬೇಕು ಅಂತ 2022ರಲ್ಲಿ ನಿಯಮ ಮಾಡಿದ್ದಾರೆ. ನಮ್ಮ ಲೆಕ್ಕದಲ್ಲಿ ಒಂದೂಕಾಲು ಕೋಟಿ. ಜಮೀನು ಕೊಳ್ಳುವುದಂತೂ ಸುಲಭವಲ್ಲ. ದೇಶಕ್ಕೆ ಸಮುದ್ರವಿಲ್ಲ, ದೂರದಿಂದ ಬರುವ ಸರಕು ಕೋಲ್ಕತ್ತ, ವಿಶಾಖಪಟ್ಟಣದ ಬಂದರಿನಿಂದ ಬರಬೇಕು. ಪೆಟ್ರೋಲು, ಡೀಸೆಲ್ಲು ನಮ್ಮ ಕಡೆಯಿಂದಲೇ. ಡೀಸೆಲ್ ಸಾಗಿಸಲು 2019ರಲ್ಲಿ ಮೋತಿಹಾರಿಯಿಂದ ಅಮ್ಲೇಖ್‌ಗಂಜ್‌ವರೆಗೆ 69 ಕಿ.ಮೀ. ಕೊಳವೆ ಹಾಕಿದರು. ಒಂದೂಕಾಲು ಕೋಟಿ ಕೇಳಿ ಮೂಡಲಗಿಯವನು ಮತ್ತೊಂದು ಗುಂದ್‌ಪಾಕ್ ತಿಂದು ಸುಮ್ಮನಾದ.

ಇತ್ತ ಕಾಕಾನ ಅಣ್ಣನ ಮಗ ನಮ್ಮ ಭಾಗದಲ್ಲೇ ಒಂದು ಕೈಗಾಡಿ, ಒಂದು ಗ್ಯಾಸ್ ಒಲೆ ಇಟ್ಟುಕೊಂಡು ಮೋಮೋ ಮಾರುತ್ತಾನೆ. ಸಣ್ಣ ವ್ಯಾಪಾರಕ್ಕೆ ಇಲ್ಲಿ ದಾರಿ ಸುಲಭ. ಆದರೆ ಸಾಲ ಬೇಕಾದಾಗ, ಅಂಗಡಿ ಹಿಡಿಯಬೇಕಾದಾಗ ಮತ್ತೆ ಅದೇ ಕಾಗದ.

ವಾಪಸ್ ಬಂದ ರಾತ್ರಿ ಕಟ್ಟೆಯ ಮೇಲೆ ಕುಂತು ಹೇಳಿದೆವು. ತಿರುಗಾಡಲಿಕ್ಕೆ ನಿಮ್ಮ ದೇಶ ಚಲೋ, ನಮ್ಮ ಕಿಸೆಯಲ್ಲಿ ರೊಕ್ಕ ಇತ್ತು ಅದಕ್ಕೆ. ದುಡಿಯಲಿಕ್ಕೆ, ಸಣ್ಣ ವ್ಯಾಪಾರಕ್ಕೆ ನಮ್ಮದು ಚಲೋ. ಬಾಳಲಿಕ್ಕೆ ಯಾವುದು ಅಂತ ನಮಗೆ ಹೇಳಲು ಬರುವುದಿಲ್ಲ ಕಾಕಾ, ಮಗನನ್ನೇ ಕೇಳೋಣ.

ಕಾಕಾ ನಕ್ಕರು. "ಅವನ ಜೋಡಿ ನೀವೇ ಮಾತಾಡ್ರಿ" ಅಂತ ವಿಡಿಯೋ ಕಾಲ್ ಹಚ್ಚಿದರು. ಹುಡುಗ ಹಿಂದಿಯಲ್ಲಿ ಮಾತಾಡಿದ. ನಮ್ಮ ಪ್ರವಾಸದ ಕಥೆ ಅವನಿಗೆ ಬೇಕಾಗಿರಲಿಲ್ಲ. ಒಂದೇ ಮಾತು ಕೇಳಿದ: "ನನಗೆ ಮನೆ ವೈರಿಂಗ್ ಬರುತ್ತದೆ. ಅಲ್ಲಿ ಬಂದರೆ ಆ ಕೆಲಸ ಕೊಡುತ್ತಾರಾ, ಇಲ್ಲ ನನ್ನ ಮುಖ ನೋಡಿ ಅಪ್ಪನ ಸೀಟಿಯನ್ನೇ ಕೈಗೆ ಕೊಡುತ್ತಾರಾ?"

ನಾವು ಮೂವರೂ ಸುಮ್ಮನಾದೆವು. ಕಾಕಾ ಎದ್ದು ಲಾಠಿ ತಗೊಂಡು ಓಣಿಯ ತುದಿಗೆ ಹೋದರು. ಅವರ ಹೆಸರು ಈಗ ನಮಗೆ ಗೊತ್ತು, ಓಣಿಯಲ್ಲಿ ಹೆಸರು ಹಿಡಿದು ಕಾಕಾ ಅಂತಲೇ ಕರೆಯುತ್ತೇವೆ. ಇಲ್ಲಿ ಬರೆಯುವುದು ಬೇಡ ಅಂದಿದ್ದಾರೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ವೈರಿಂಗ್ ಕೆಲಸಕ್ಕೆ ಹುಡುಗ ಬೇಕು ಅನ್ನುವವರು ಇದ್ದರೆ ನಮಗೆ ತಿಳಿಸಿ. ದಸರಾಕ್ಕೆ ಕಾಕಾ ಎರಡು ಕಿಲೋ ಕರದಂಟು ಕಟ್ಟಿಕೊಂಡು ಊರಿಗೆ ಹೋಗುತ್ತಾರೆ. ಅಷ್ಟರೊಳಗೆ ಹುಡುಗನಿಗೆ ಒಂದು ಉತ್ತರ ಕಳಿಸಬೇಕಾಗಿದೆ.