ವೇಗ ಹೆಚ್ಚಿತು, ಬಿಸಿಯೂ ಹೆಚ್ಚಿತು

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಕಳೆದ ವರ್ಷ ಅದೇ ಗಾದೆಯ ಅರ್ಥವನ್ನು ನನ್ನ ಮಗನ ಗಣಕಯಂತ್ರ ನನಗೆ ಹೊಸದಾಗಿ ತಿಳಿಸಿಕೊಟ್ಟಿತು. ನಾನು ಓದಿದ್ದು ಕನ್ನಡ ಸಾಹಿತ್ಯ. ಯಂತ್ರಗಳ ಬಗ್ಗೆ ಬರೆಯಲು ಹೊರಟಿರುವುದು ಸ್ವಲ್ಪ ದುಸ್ಸಾಹಸವೇ ಸರಿ. ಆದರೂ ನಮ್ಮ ಮನೆಯಲ್ಲಿ ನಡೆದದ್ದು ಬೇರೆ ಮನೆಗಳಿಗೂ ಉಪಯೋಗಕ್ಕೆ ಬರಬಹುದೆಂದು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ನಾವಿರುವುದು ವಾಷಿಂಗ್ಟನ್ ಡಿ.ಸಿ.ಗೆ ಹತ್ತಿರದ ವರ್ಜೀನಿಯಾದ ಲೌಡನ್ ಕೌಂಟಿಯಲ್ಲಿ. ಹದಿನಾಲ್ಕು ವರ್ಷದ ಮಗ ಅಕ್ಕಪಕ್ಕದ ಮನೆಗಳ ಅಂಗಳದಲ್ಲಿ ಎಲೆ ಗುಡಿಸಿ, ಹಿಮ ಎತ್ತಿ ಕೂಡಿಟ್ಟ ಹಣದಿಂದ ಒಂದು ಹಳೆಯ ಕಂಪ್ಯೂಟರ್ ಕೊಂಡಿದ್ದ. ಅದರಲ್ಲಿದ್ದದ್ದು ನಾಲ್ಕು ಕೋರ್‌ಗಳ, ಕಡಿಮೆ ಬೆಲೆಯ ಪ್ರಾಸೆಸರ್. ವೇಗ 3.1 ಗಿಗಾಹರ್ಟ್ಸ್. ಒಂದು ದಿನ ಅವನು, "ಅಮ್ಮಾ, ಒಂದು ಪೈಸೆಯೂ ಖರ್ಚಿಲ್ಲದೆ ಇದನ್ನ 3.8 ಮಾಡಬಹುದು ಗೊತ್ತಾ?" ಎಂದ. ಇದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರಂತೆ. ತಯಾರಕರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಪ್ರಾಸೆಸರನ್ನು ಓಡಿಸುವುದು. ಖರ್ಚಿಲ್ಲ ಎಂದ ಮೇಲೆ ನನಗೇನು? "ಮಾಡ್ಕೋ ಹೋಗು" ಎಂದೆ. ತಪ್ಪು ಶುರುವಾದದ್ದು ಅಲ್ಲಿಂದಲೇ.

ಆ ಬೇಸಿಗೆಯಲ್ಲಿ ನಾವು ಅರಸೀಕೆರೆಗೆ ಹೋದಾಗ ನನ್ನ ಅಮ್ಮ ಹೇಳಿದ ಏಳು ಕಥೆಗಳನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಬಂದಿದ್ದೆ. ನವೆಂಬರ್‌ನ ರಾಜ್ಯೋತ್ಸವಕ್ಕೆ ನಮ್ಮ ತರಗತಿಯ ಮಕ್ಕಳಿಂದ ಅವುಗಳಲ್ಲೊಂದನ್ನು ನಾಟಕ ಮಾಡಿಸುವ ಆಸೆ. ಹೂವಿನ ಗಿಡವಾಗುವ ಹುಡುಗಿಯ ಕಥೆಯನ್ನೇ ಆರಿಸಿಕೊಂಡಿದ್ದೆ. ಕಥೆಗಳನ್ನೆಲ್ಲ ಮಗನ ಕಂಪ್ಯೂಟರಿಗೆ ಹಾಕಿಸಿ, ಫೋನಿನಲ್ಲಿ ಜಾಗ ಸಾಲದೆಂದು ಅಲ್ಲಿಂದ ಅಳಿಸಿಬಿಟ್ಟೆ. ಸೆಪ್ಟೆಂಬರ್‌ನ ಒಂದು ಸಂಜೆ ಮಗ ಹಿನ್ನೆಲೆಯ ಗದ್ದಲ ತೆಗೆದು ಕಥೆಗಳನ್ನು ಶುದ್ಧಮಾಡುತ್ತಿದ್ದಾಗ, ಫ್ಯಾನ್ ಜೋರಾಗಿ ಕೂಗಿ ಕಂಪ್ಯೂಟರ್ ಫಕ್ಕನೆ ಆರಿಹೋಯಿತು. ಮತ್ತೆ ಹಚ್ಚಿದಾಗ ಆರು ಕಥೆಗಳಿದ್ದವು. ಹೂವಿನ ಹುಡುಗಿಯ ಕಥೆ ಮಾತ್ರ ತೆರೆಯಲೇ ಇಲ್ಲ.

ನಾನು ಮಗನನ್ನು ಬೈದೆ. ಅವನು ಮುಖ ಸಣ್ಣದು ಮಾಡಿಕೊಂಡು, "ನೂರು ಡಾಲರಿನ ಲಿಕ್ವಿಡ್ ಕೂಲರ್ ಹಾಕಿಸಿದ್ರೆ ಹೀಗಾಗ್ತಿರ್ಲಿಲ್ಲ" ಎಂದ. ನನಗೆ ಇನ್ನೂ ಸಿಟ್ಟು ಬಂತು. ಎಪ್ಪತ್ತು ಡಾಲರಿನ ಕಂಪ್ಯೂಟರಿಗೆ ನೂರು ಡಾಲರಿನ ತಂಪು!

ಕೊನೆಗೆ ಅಟ್ಲಾಂಟಾದಲ್ಲಿರುವ ನಮ್ಮ ಭಾವನವರಿಗೆ ಫೋನ್ ಮಾಡಿದೆವು. ಅವರು ನಕ್ಕು, "ನೋಡಮ್ಮ, ಈ ಹುಚ್ಚು ನಂಗೂ ಹಿಡಿದಿತ್ತು" ಎಂದರು. 1998ರಲ್ಲಿ ಇಂಟೆಲ್ ಕಂಪನಿ ಸೆಲೆರಾನ್ 300ಎ ಎಂಬ ಅಗ್ಗದ ಪ್ರಾಸೆಸರನ್ನು ಮಾರುಕಟ್ಟೆಗೆ ತಂದಿತು. ಅದು 66 ಮೆಗಾಹರ್ಟ್ಸ್‌ನ ಬಸ್ ವೇಗವನ್ನು 4.5ರಿಂದ ಗುಣಿಸಿ 300 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಬಸ್ ವೇಗವನ್ನು 100ಕ್ಕೆ ಏರಿಸಿದರೆ ಅದೇ ಪ್ರಾಸೆಸರ್ 450 ಮೆಗಾಹರ್ಟ್ಸ್! ಆಗಿನ ಕಾಲದ ದುಬಾರಿ ಪೆಂಟಿಯಂ 2 ಓಡುತ್ತಿದ್ದ ವೇಗ ಅದು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಭಾವನವರು ಎಸ್.ಪಿ. ರಸ್ತೆಯ ಅಂಗಡಿಗಳನ್ನೆಲ್ಲ ಅಲೆದು ಅದನ್ನು ಕೊಂಡಿದ್ದರಂತೆ. "ಆದ್ರೆ ಎಲ್ಲಾ 300ಎನೂ 450 ಓಡ್ತಿರ್ಲಿಲ್ಲ. ನಿಮ್ಮದು ಎಷ್ಟು ಓಡುತ್ತೆ ಅಂತ ಅಳೆದು ನೋಡ್ಬೇಕು. ದಸರಾ ಬೊಂಬೆ ನೋಡೋಕೆ ಬರ್ತೀರಲ್ಲ, ಅದನ್ನೂ ಡಿಕ್ಕಿಲಿ ಹಾಕ್ಕೊಂಡು ಬನ್ನಿ. ಅಲ್ಲೀವರೆಗೂ ಏನೂ ಕೊಳ್ಬೇಡಿ" ಎಂದರು.

ಹಾಗೆ ಅಕ್ಟೋಬರ್‌ನಲ್ಲಿ ಹೊರಟೆವು. ನಮ್ಮ ಮನೆಯಿಂದ ಹೊರಬೀಳುವಾಗಲೇ ಆಶ್‌ಬರ್ನ್‌ನ ಡೇಟಾ ಸೆಂಟರುಗಳ ಉದ್ದನೆಯ ಗೋಡೆಗಳು ಸಾಲಾಗಿ ಕಾಣುತ್ತವೆ. ದಿನಾ ನೋಡುವ ಕಟ್ಟಡಗಳೇ, ಆದರೆ ಅವುಗಳ ಮಾಡಿನ ಮೇಲಿನ ದೊಡ್ಡ ದೊಡ್ಡ ಫ್ಯಾನುಗಳನ್ನು ನಾನು ಗಮನಿಸಿದ್ದು ಅಂದೇ. ಉತ್ತರ ಕ್ಯಾರೊಲಿನಾ, ದಕ್ಷಿಣ ಕ್ಯಾರೊಲಿನಾ ದಾಟಿ ಹತ್ತು ಗಂಟೆಗೂ ಹೆಚ್ಚಿನ ಪ್ರಯಾಣ. ಷಾರ್ಲಟ್ ಸಮೀಪಿಸುವಾಗ ಮಗ, ಪಶ್ಚಿಮಕ್ಕಿರುವ ಲೆನೊಯಿರ್‌ನಲ್ಲಿ ಗೂಗಲ್‌ದೂ ಮೇಡನ್‌ನಲ್ಲಿ ಆ್ಯಪಲ್‌ದೂ ಇಂಥವೇ ಕೇಂದ್ರಗಳಿವೆ ಎಂದ. ಅಟ್ಲಾಂಟಾದ ಪಕ್ಕದ ಡಗ್ಲಸ್ ಕೌಂಟಿಯಲ್ಲಿರುವ ತನ್ನ ಕೇಂದ್ರವನ್ನು ತಂಪಾಗಿಡಲು ಊರಿನ ಕೊಳಚೆ ನೀರನ್ನೇ ಶುದ್ಧಮಾಡಿ ಬಳಸುತ್ತಿರುವುದಾಗಿ ಗೂಗಲ್ 2012ರಲ್ಲಿ ತಿಳಿಸಿತ್ತು. ನಾವು ಹೊರಟ ಊರಿನಿಂದ ಸೇರುವ ಊರಿನವರೆಗೂ ಇದೇ ಚಿಂತೆ: ಲೆಕ್ಕ ಮಾಡುವ ಯಂತ್ರದ ಬಿಸಿಯನ್ನು ಎಲ್ಲಿಗೆ ಕಳಿಸುವುದು?

ಬೊಂಬೆಗಳ ಮುಂದೆ ಆರತಿ ಮುಗಿದ ಮೇಲೆ ಭಾವನವರು ಊಟದ ಮೇಜಿನ ಮೇಲೆ ಕಂಪ್ಯೂಟರ್ ಬಿಚ್ಚಿದರು. ಮೊದಲು ಕಾಗದ, ಪೆನ್ನು. "ಮರೀ, ವೇಗ ಎಷ್ಟು ಪಟ್ಟು ಹೆಚ್ಚಾಯ್ತು?" ಎಂದು ಕೇಳಿದರು. 3.1ರಿಂದ 3.8 ಎಂದರೆ ಶೇಕಡಾ 23. ಆದರೆ ಅಷ್ಟು ವೇಗಕ್ಕೆ ಮಗ ವೋಲ್ಟೇಜನ್ನೂ 1.2ರಿಂದ 1.38ಕ್ಕೆ ಏರಿಸಿದ್ದ. ಪ್ರಾಸೆಸರ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ವೇಗದ ಜೊತೆಗೆ ನೇರವಾಗಿ ಹೆಚ್ಚುತ್ತದೆ. ವೋಲ್ಟೇಜಿನ ಜೊತೆಗೆ ಮಾತ್ರ ಅದರ ವರ್ಗದಂತೆ ಹೆಚ್ಚುತ್ತದೆ. ಲೆಕ್ಕ ಹಾಕಿದರೆ ಬಿಸಿ ಶೇಕಡಾ 62ರಷ್ಟು ಹೆಚ್ಚು! ಖರ್ಚಿಲ್ಲದ ವೇಗದ ಖರ್ಚು ಅಲ್ಲಿ ಅಡಗಿತ್ತು.

ಆಮೇಲೆ ಕೂಲರ್ ತೆಗೆದರು. ರೆಕ್ಕೆಗಳ ನಡುವೆ ಬೆರಳು ದಪ್ಪದ ಧೂಳು. ಪ್ರಾಸೆಸರಿಗೂ ಕೂಲರಿಗೂ ನಡುವೆ ಹಚ್ಚಿದ್ದ ಥರ್ಮಲ್ ಪೇಸ್ಟ್ ಒಣಗಿ ಹಕ್ಕಳೆಯಾಗಿತ್ತು. ಎರಡು ಲೋಹಗಳು ಎಷ್ಟೇ ನುಣುಪಾಗಿ ಕಂಡರೂ ನಡುವೆ ಸೂಕ್ಷ್ಮ ಸಂದುಗಳಲ್ಲಿ ಗಾಳಿ ಇರುತ್ತದೆ, ಗಾಳಿ ಬಿಸಿಯನ್ನು ಸುಲಭವಾಗಿ ದಾಟಿಸುವುದಿಲ್ಲ. ಆ ಸಂದುಗಳನ್ನು ತುಂಬುವುದೇ ಪೇಸ್ಟಿನ ಕೆಲಸ. ಧೂಳು ತೆಗೆದು, ಹಳೆಯದನ್ನು ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಹಾಕಿದರು. ಅಷ್ಟಕ್ಕೇ 95 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದ ಉಷ್ಣಾಂಶ 86ಕ್ಕೆ ಇಳಿಯಿತು. ಆದ ಖರ್ಚು ಎಂಟು ಡಾಲರ್.

"ಇನ್ನೂ ಇಳಿಸ್ಬೇಕು ಅಂದ್ರೆ?" ಎಂದ ಮಗ. ಆಗ ನನಗೊಂದು ವಿಷಯ ಹೊಳೆಯಿತು. ಚಿತ್ರಾನ್ನಕ್ಕೆ ಅನ್ನ ಆರಿಸುವಾಗ ನಾವು ಏನು ಮಾಡುತ್ತೇವೆ? ಪಾತ್ರೆಯಲ್ಲೇ ಬಿಡದೆ ಅಗಲವಾದ ತಟ್ಟೆಯಲ್ಲಿ ಹರಡಿ ಗಾಳಿ ಹಾಕುತ್ತೇವೆ. ಕೂಲರಿನ ತೆಳು ರೆಕ್ಕೆಗಳು ಆ ತಟ್ಟೆ, ಫ್ಯಾನು ಬೀಸಣಿಗೆ. ದೊಡ್ಡ ಕೂಲರ್ ಎಂದರೆ ದೊಡ್ಡ ತಟ್ಟೆ. ಭಾವನವರು, "ಸರಿಯಾಗಿ ಹೇಳ್ದೆಯಮ್ಮ. ಲಿಕ್ವಿಡ್ ಕೂಲರಿನಲ್ಲೂ ನೀರು ಬಿಸಿನ ಹೊತ್ಕೊಂಡು ಹೋಗುತ್ತೆ ಅಷ್ಟೆ, ಕೊನೆಗೆ ಅದನ್ನ ರೆಕ್ಕೆ, ಫ್ಯಾನಿಗೇ ಒಪ್ಪಿಸ್ಬೇಕು. ಪೆಟ್ಟಿಗೆಯಿಂದ ಗಾಳಿ ಹೊರಗೆ ಹೋಗದಿದ್ರೆ ಯಾವ ಕೂಲರೂ ಪ್ರಯೋಜನ ಇಲ್ಲ" ಎಂದರು. ನಾಲ್ಕು ಕೋರಿನ ಪ್ರಾಸೆಸರಿಗೆ 35 ಡಾಲರಿನ ಗಾಳಿ ಕೂಲರ್ ಧಾರಾಳವಾಗಿ ಸಾಕೆಂದು ತೀರ್ಮಾನವಾಯಿತು. ಮರುದಿನ ಅದನ್ನು ಹಾಕಿದಾಗ ಅದೇ 3.8ರಲ್ಲಿ ಉಷ್ಣಾಂಶ 72 ಡಿಗ್ರಿ.

ಮಗ ಕುಣಿದ. ಭಾವನವರು ಕುಣಿಯಲಿಲ್ಲ. "ತಂಪಾಯ್ತು. ಉತ್ತರ ಸರಿ ಬರುತ್ತಾ?" ಎಂದರು. ಪ್ರೈಮ್95 ಎಂಬ ತಂತ್ರಾಂಶ ಓಡಿಸಿದರು. ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಮಾಡಿದ ಅದು, ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಯಂತ್ರಕ್ಕೆ ಕೊಟ್ಟು ಪರೀಕ್ಷಿಸುತ್ತದೆ. ನಾವು ಶಿಕ್ಷಕರು ಮಾಡುವ ಹಾಗೆಯೇ! ನಲವತ್ತು ನಿಮಿಷಕ್ಕೆ ಒಂದು ಕೋರ್ ತಪ್ಪು ಉತ್ತರ ಕೊಟ್ಟಿತು. ಬಿಸಿಯಿಲ್ಲ, ಆದರೂ ತಪ್ಪು. ಆ ಪ್ರಾಸೆಸರಿನ ಶಕ್ತಿಯೇ ಅಷ್ಟು. ಇಂಥ ಒಂದು ತಪ್ಪಿನಿಂದಲೂ ನಮ್ಮ ಕಥೆ ಕೆಟ್ಟಿರಬಹುದು, ದೊಡ್ಡ ಕೂಲರ್ ಇದ್ದಿದ್ದರೂ ಅದು ಉಳಿಯುತ್ತಿತ್ತೆಂದು ಹೇಳುವಂತಿಲ್ಲ ಎಂದು ಆಗ ನಮಗೆ ಅರ್ಥವಾಯಿತು.

ಮಗ ತಾನೇ 3.6ಕ್ಕೆ ಇಳಿಸಿ, ವೋಲ್ಟೇಜನ್ನು 1.25ಕ್ಕೆ ತಂದ. ವೇಗ ಮೊದಲಿಗಿಂತ ಶೇಕಡಾ 16 ಹೆಚ್ಚು, ಬಿಸಿ ಲೆಕ್ಕದಲ್ಲಿ ಶೇಕಡಾ 26 ಮಾತ್ರ ಹೆಚ್ಚು. ರಾತ್ರಿಯೆಲ್ಲ ಓಡಿದರೂ ಒಂದೂ ತಪ್ಪಿಲ್ಲ, ಉಷ್ಣಾಂಶ 63. "ಇಷ್ಟೇ ಸಾಕು ದೊಡ್ಡಪ್ಪ" ಎಂದ. ಆ 'ಸಾಕು' ಅವನ ಬಾಯಿಂದ ಬಂದದ್ದು ನನಗೆ ನೂರು ಡಾಲರಿಗಿಂತ ಹೆಚ್ಚು.

ಕಳೆದುಹೋದ ಕಥೆ ಸಿಗಲಿಲ್ಲ. ಊರಿಗೆ ಬಂದ ಮೇಲೆ ಮಗನೇ ಅಜ್ಜಿಗೆ ಫೋನ್ ಮಾಡಿ, ತಪ್ಪೊಪ್ಪಿಕೊಂಡು, ಇನ್ನೊಮ್ಮೆ ಹೇಳೆಂದು ಕೇಳಿದ. ಅಮ್ಮ ಬೇಸರಿಸದೆ ಹೇಳಿದಳು. ಆದರೆ ಅದು ಅದೇ ಕಥೆಯಾಗಿರಲಿಲ್ಲ. ಜಗಲಿಯ ಮೇಲೆ ಕೂತು ಹೇಳುವಾಗ ಬಂದಿದ್ದ ನಗು, ಹಿತ್ತಲಲ್ಲಿ ಕೂಗಿದ ಕರು ಇದರಲ್ಲಿಲ್ಲ. ಗಿಡದಿಂದ ಹೂವನ್ನಷ್ಟೇ ಮೆಲ್ಲಗೆ ಬಿಡಿಸಿಕೊಳ್ಳದೆ ಕೊಂಬೆಯನ್ನೂ ಮುರಿದವರ ಭಾಗ ಬಂದಾಗ ಮಗ ತಲೆ ತಗ್ಗಿಸಿ ಕೇಳುತ್ತಿದ್ದ. ನಾನೂ ಅಷ್ಟೆ. ಪ್ರತಿ ತೆಗೆದಿಡದೆ ಫೋನಿನಿಂದ ಅಳಿಸಿದವಳು ನಾನು. ಅವನನ್ನು ಬೈಯುವಾಗ ಅದನ್ನು ನಾನು ಹೇಳಿರಲಿಲ್ಲ. ಅಂದು ಹೇಳಿದೆ.

ಮಕ್ಕಳೇ, ನಿಮ್ಮ ಕಂಪ್ಯೂಟರಿನ ವೇಗ ಹೆಚ್ಚಿಸುವ ಆಸೆ ತಪ್ಪಲ್ಲ. ಆದರೆ ಮೊದಲು ಬೆಲೆಬಾಳುವುದನ್ನೆಲ್ಲ ಬೇರೆ ಕಡೆ ಪ್ರತಿ ತೆಗೆದಿಡಿ. ಕೊಳ್ಳುವ ಮುಂಚೆ ಧೂಳು ತೆಗೆಯಿರಿ, ಉಷ್ಣಾಂಶ ಅಳೆಯಿರಿ. ತಂಪಾಗಿದೆ ಎಂದು ಸುಮ್ಮನಾಗದೆ ಉತ್ತರ ಸರಿಯಿದೆಯೇ ನೋಡಿ. ಪೋಷಕರೇ, ಮಕ್ಕಳು "ಖರ್ಚಿಲ್ಲ" ಎಂದಾಗ ನನ್ನ ಹಾಗೆ "ಮಾಡ್ಕೋ ಹೋಗು" ಎನ್ನದೆ ಅರ್ಧ ಗಂಟೆ ಪಕ್ಕದಲ್ಲಿ ಕುಳಿತುಕೊಳ್ಳಿ. ರಾಜ್ಯೋತ್ಸವದ ನಾಟಕ ಚೆನ್ನಾಗಿಯೇ ನಡೆಯಿತು. ಅಮ್ಮನ ಏಳು ಕಥೆಗಳೂ ಈಗ ಮೂರು ಕಡೆ ಇವೆ.

– ಕನ್ನಡ ಶಿಕ್ಷಕಿ, ಬಿ.ಎ., ಬಿ.ಎಡ್.