ತುಂಬಿಸಿದ ಹಲ್ಲು

ಹುಳುಕು ತೆಗೆಸಿ ಹಲ್ಲಿಗೆ ಸಿಮೆಂಟು ತುಂಬಿಸಿಕೊಂಡು ಬಂದ ಹೊತ್ತಿನಲ್ಲಿ ನಮ್ಮ ಮುಖ ನಮ್ಮದಲ್ಲ. ಮರಗಟ್ಟಿಸುವ ಇಂಜೆಕ್ಷನ್ನಿನ ಪ್ರಭಾವ ಇಳಿಯಲು 2-3 ಗಂಟೆಯಾದರೂ ಬೇಕು. ಅದಕ್ಕೆ ಮುಂಚೆ ಊಟಕ್ಕೆ ಕುಳಿತರೆ ಅನ್ನದೊಡನೆ ಕೆನ್ನೆಯನ್ನೂ ಅಗಿದುಬಿಡುತ್ತೇವೆ. ಮಕ್ಕಳ ಮೇಲಂತೂ ಕಣ್ಣಿಟ್ಟಿರಬೇಕು.

ಮುಂದೆ ಕೆಲವು ದಿನ ಕಾಫಿಗೂ ತಣ್ಣೀರಿಗೂ ಹಲ್ಲು ಜುಮ್ಮೆನ್ನುತ್ತದೆ. ಕ್ಷಣದಲ್ಲಿ ನಿಂತರೆ ಗಾಬರಿ ಬೇಡ, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಅಡಗುತ್ತದೆ. ತಾನಾಗಿಯೇ ಮಿಡಿದು ಸೆಳೆದು ರಾತ್ರಿ ನಿದ್ದೆ ಕೆಡಿಸಿದರೆ, ವಸಡು ಬಾತರೆ, ಡಾಕ್ಟರನ್ನು ಕಾಣಲೇಬೇಕು. ಮುಂಬಯಿಯಲ್ಲಿ ನಮಗೆ ತೊಡಕಾಗುವುದು ಇಲ್ಲೇ. ಕನ್ನಡದಲ್ಲಿ ನೋವಿಗೆ ಇಷ್ಟೊಂದು ಬಗೆಯಿದ್ದರೂ ಡಾಕ್ಟರ ಮುಂದೆ ಬಾಯಿಗೆ ಬರುವುದು ಬರೀ 'ದರ್ದ್'! ಮಿಡಿಯುವ ನೋವಿಗೆ ಮರಾಠಿಯ 'ಠಣಕ', ಜುಮ್ಮೆನ್ನುವುದಕ್ಕೆ ಹಿಂದಿಯ 'ಝನ್‌ಝನಾಹಟ್' ಎಂಬ ಎರಡು ಮಾತು ಕಲಿತಿಟ್ಟುಕೊಂಡರೆ ಅರ್ಧ ಕೆಲಸವಾದಂತೆ.

ಕಚ್ಚಿದಾಗ ತುಂಬಿಸಿದ್ದೇ ಮೊದಲು ತಾಗುವುದೂ ಉಂಟು. ಮರಗಟ್ಟಿದ ಬಾಯಿಗೆ ಕುರ್ಚಿಯಲ್ಲಿ ಕುಳಿತಾಗ ಅದು ತಿಳಿಯದು, ಮನೆಗೆ ಬಂದ ಮೇಲೇ ಗೊತ್ತಾಗುವುದು. ತಾನೇ ಸವೆದೀತು, ಡಾಕ್ಟರಿಗೇಕೆ ಮತ್ತೆ ತೊಂದರೆ ಎಂಬುದು ನಮ್ಮವರ ಸಂಕೋಚ. ಹಾಗೆ ಬಿಟ್ಟರೆ ಹಲ್ಲು ನೋಯುತ್ತಲೇ ಇರುತ್ತದೆ. ಹಿಂದಿರುಗಿ ಹೋಗಿ ಕೇಳಿದರೆ ಐದು ನಿಮಿಷದಲ್ಲಿ ಉಜ್ಜಿ ಸರಿಮಾಡಿ ಕಳಿಸುತ್ತಾರೆ.