ಮುದ್ದೆಯ ಅವಸರ

ದೊಡ್ಡಬಳ್ಳಾಪುರದ ಕಡೆ ಮಾಗಿಚಳಿ ಬಿತ್ತೆಂದರೆ ಇರುಳೂಟದ ಕೆಲಸ ಮಧ್ಯಾಹ್ನವೇ ಶುರು. ಹಿಂದಿನ ರಾತ್ರಿ ನೆನೆಹಾಕಿದ ಅವರೆಕಾಳಿನ ಸುತ್ತ ಹೆಂಗಸರು, ಮಕ್ಕಳು, ಸುಮ್ಮನೆ ಬಂದ ಪಕ್ಕದ ಮನೆಯವರು ಎಲ್ಲರೂ ಕೂರುತ್ತಾರೆ. ಹೆಬ್ಬೆರಳು ತೋರುಬೆರಳಿನ ನಡುವೆ ಹಿದುಕಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಚಂಗನೆ ಹಾರುತ್ತದೆ. ಎರಡೇ ಬೆರಳಿಗೆ ದುಡಿಮೆ, ನಾಲಗೆಗೆ ಪೂರ್ತಿ ಬಿಡುವು. ಊರಿನ ಅರ್ಧ ಸುದ್ದಿ ಅಲ್ಲೇ ಸುಲಿದಾಗುತ್ತದೆ. ಇಬ್ಬನಿ ಕುಡಿದ ಸೊಗಡವರೆಯಾದರಂತೂ ಕೈಗೆ ಹತ್ತಿದ ವಾಸನೆ ಸೋಪಿಗೂ ಜಗ್ಗದು. ಜಗ್ಗದಿರಲಿ ಎಂದೇ ನನ್ನಾಸೆ.

ಸಾರು ಸಮಾಧಾನಿ. ಒಲೆಯ ಪಕ್ಕ ಎಷ್ಟು ಹೊತ್ತಾದರೂ ಕೂತಿರುತ್ತದೆ. ಬಸ್ಸಾರಂತೂ ಮರುದಿನ ಕುದಿಸಿದಾಗಲೇ ರುಚಿಗಟ್ಟುವುದು. ಮುದ್ದೆಯ ಜಾಯಮಾನವೇ ಬೇರೆ. ಎಸರು ಮರಳಿ, ಹಿಟ್ಟು ಬೆಂದು, ಕೋಲಿಗೆ ಸಿಕ್ಕಿ ತಿರುವಿಸಿಕೊಂಡು, ಒದ್ದೆ ಕೈಯಲ್ಲಿ ಉಂಡೆಯಾದ ಗಳಿಗೆಯಿಂದ ಅದಕ್ಕೆ ಆತುರ. ಆರಿತೋ, ಬಿರುಸಾಯಿತು, ನುಣ್ಣಗೆ ಜಾರಬೇಕಾದ ತುತ್ತು ಗಂಟಲಲ್ಲಿ ತಕರಾರು ತೆಗೆಯುತ್ತದೆ.

ಸೋಜಿಗವೆಂದರೆ, ಇದೇ ರಾಗಿ ಹಗೇವಿನೊಳಗೆ ವರ್ಷಗಟ್ಟಲೆ ಕೆಡದೆ ಇರಬಲ್ಲದು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತದೊಡನೆ ಆರು ತಿಂಗಳು ಸೆರೆಯಲ್ಲಿದ್ದೂ ಕಂದದೆ ಗೆದ್ದು ಬಂದದ್ದು ಇದೇ ಕಾಳು. ಅಷ್ಟು ತಾಳ್ಮೆಯ ಧಾನ್ಯ ಮುದ್ದೆಯಾದದ್ದೇ ತಡ, ಅರೆಗಳಿಗೆ ತಾಳದು!

ಆ ಅವಸರದ ಮೇಲೆ ನನಗೆ ಬಹಳ ಪ್ರೀತಿ. ಹಿರಿಯರ ಗದರಿಕೆಗೆ ಬಗ್ಗದವರನ್ನೂ ಅದು ಒಂದೇ ಹೊತ್ತಿಗೆ ಸಾಲಾಗಿ ಕೂರಿಸುತ್ತಿತ್ತು. “ಮುದ್ದೆ ಕಟ್ಟಿದೀನಿ, ಬನ್ರೋ” ಎಂದು ಅವ್ವನ ಕೂಗು ಬಿದ್ದರೆ ಬೀದಿಯ ಮಗ್ಗಗಳ ಸದ್ದಿನ ನಡುವೆಯೂ ಎಲ್ಲರಿಗೂ ಕೇಳುತ್ತಿತ್ತು. ಜಗುಲಿಯ ಪಂಚಾಯ್ತಿ ಅರ್ಧಕ್ಕೇ ಎದ್ದು ಬರುತ್ತಿತ್ತು. ಹಿದುಕಬೇಳೆ ಸಾರಿನ ಗುಳಿಯಲ್ಲಿ ತುತ್ತು ಹೊರಳಿಸಿ ನುಂಗುವ ಹೊತ್ತು ಮಾತಿಲ್ಲ. ಮೊದಲ ಮುದ್ದೆ ಕರಗಿದ ಮೇಲೆ ಮಾತು. ಅಷ್ಟರಲ್ಲಿ “ಇನ್ನರ್ಧ ಹಾಕ್ಲಾ?” ಎನ್ನುತ್ತ, ಬೇಡವೆನ್ನುವುದರೊಳಗೆ ಆ ಅರ್ಧ ತಟ್ಟೆಗೆ ಬಿದ್ದಿರುತ್ತಿತ್ತು.

2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ಪಾಳಿಯ ಕೆಲಸಗಳೂ ಬಂದವು. ಈಗ ಮನೆ ಸೇರುವ ಹೊತ್ತು ಒಬ್ಬೊಬ್ಬರದು ಒಂದೊಂದು. ಅನ್ನದ ದಾರಿ ಅದು, ತಪ್ಪೆನ್ನಲಾರೆ. ಮುದ್ದೆಯೂ ಹಾಟ್‌ಬಾಕ್ಸಿನೊಳಗೆ ಕಾಯುವುದನ್ನು ಕಲಿತಿದೆ. ಬಿಸಿಯೇನೋ ಇರುತ್ತದೆ, ಜೊತೆಗೆ ಕೂರುವವರಿರುವುದಿಲ್ಲ.

ಅವರೆಯ ಕಾಲ ಮುಗಿಯುವುದರೊಳಗೆ ಒಂದು ಭಾನುವಾರವಾದರೂ ಆ ಡಬ್ಬಿಯನ್ನು ಅಟ್ಟಕ್ಕೆ ಹಾಕಿ. ಕೊನೆಯವರು ಹೊಸಿಲು ದಾಟಿ ಬಂದ ಮೇಲೇ ಎಸರಿಡಿ.